ಟೈರಿನ ಬಿಸಿ: ಸೆನ್ಸರ್ ತೋರಿಸುವ ಅಂಕಿಯನ್ನು ಓದುವುದು ಹೇಗೆ?

ದೂರ ಪ್ರಯಾಣದ ನಡುವೆ ಕಾರು ನಿಲ್ಲಿಸಿ, ಚಕ್ರದ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ವಾಲ್ವ್ ಪಿನ್ ಒತ್ತಿ ಗಾಳಿ ಬಿಡುವವರನ್ನು ಹಲವು ಸಲ ನೋಡಿದ್ದೇನೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: ‘ಬೆಳಿಗ್ಗೆ ಗಾಳಿಯ ಒತ್ತಡ 33 ಇತ್ತು, ಈಗ 38 ತೋರಿಸ್ತಿದೆ. ಟೈರ್ ಒಡೆದರೆ ಏನು ಗತಿ?’ ಕಳೆದ ಸಲ ಹೀಗೆ ಮಾಡಿದವರು ನನ್ನ ಭಾವ. ಮರುದಿನ ಬೆಳಿಗ್ಗೆ ನೋಡಿದರೆ ನಾಲ್ಕೂ ಟೈರಿನಲ್ಲಿ 29ರ ಆಸುಪಾಸು. ಗಾಳಿ ಕಡಿಮೆಯಾದ ಟೈರ್ ಉರುಳುವಾಗ ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ರಬ್ಬರ್ ಒಳಗೊಳಗೇ ಕಾಯುತ್ತದೆ. ಬಿಸಿಗೆ ಹೆದರಿ ಗಾಳಿ ಇಳಿಸಿದವರು ಮುಂದಿನ ಪ್ರಯಾಣದಲ್ಲಿ ಇನ್ನಷ್ಟು ಬಿಸಿಯನ್ನೇ ತಂದುಕೊಳ್ಳುತ್ತಾರೆ. ಟೈರಿನ ಒತ್ತಡ, ಬಿಸಿ ಅಳೆದು ತೋರಿಸುವ ಸೆನ್ಸರ್ ತಪ್ಪು ಹೇಳಿರಲಿಲ್ಲ, ಓದಿದ ರೀತಿ ತಪ್ಪಾಗಿತ್ತು.

ಮೊದಲು, ನಿಮ್ಮ ವಾಹನದಲ್ಲಿ ಇರುವುದು ಯಾವ ಬಗೆಯ ಸೆನ್ಸರ್ ಎಂದು ನೋಡಿ

ಡ್ಯಾಶ್‌ಬೋರ್ಡಿನಲ್ಲಿ ದೀಪ ಮಾತ್ರ ಹತ್ತಿ, ಅಂಕಿ ಏನೂ ಕಾಣದಿದ್ದರೆ ಅದು ಬಹುಶಃ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ವ್ಯವಸ್ಥೆ) ಸೆನ್ಸರ್ ಬಳಸಿ ಚಕ್ರ ಸುತ್ತುವ ವೇಗದಿಂದ ಊಹೆ ಮಾಡುವ ವ್ಯವಸ್ಥೆ. ಅದಕ್ಕೆ ಬಿಸಿ ಗೊತ್ತಾಗುವುದೇ ಇಲ್ಲ. ಬಿಸಿ ಅಳೆಯಬೇಕಾದರೆ ಪ್ರತಿ ಚಕ್ರಕ್ಕೂ ಒಂದೊಂದು ಸೆನ್ಸರ್ ಬೇಕು. ಇದರಲ್ಲಿ ಎರಡು ಬಗೆ: ರಿಮ್ಮಿನ ಒಳಗೆ ವಾಲ್ವಿಗೆ ಅಂಟಿಕೊಂಡಿರುವುದು, ಹೊರಗೆ ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವುದು.

ಬಿಸಿ ತಿಳಿಯುವುದೇ ನಿಮ್ಮ ಉದ್ದೇಶವಾದರೆ ಒಳಗಿನದನ್ನೇ ಹಾಕಿಸಿ, ಇದರಲ್ಲಿ ಎರಡು ಮಾತಿಲ್ಲ. ಮುಚ್ಚಳದ ಸೆನ್ಸರ್ ಚಕ್ರದ ಹೊರಗೆ ಗಾಳಿಗೆ ಒಡ್ಡಿಕೊಂಡಿರುತ್ತದೆ. ಟೈರಿನ ಒಳಗೆ 60 ಡಿಗ್ರಿ ಇದ್ದರೂ ಅದು ಹೊರಗಿನ ಹವೆಗೆ ಹತ್ತಿರದ ಅಂಕಿ ತೋರಿಸಬಹುದು. ಒತ್ತಡಕ್ಕೆ ಅದನ್ನು ನಂಬಿ, ಬಿಸಿಗೆ ನಂಬಬೇಡಿ.

ಕೂರಿಸುವುದು

ಒಳಗಿನ ಸೆನ್ಸರ್ ಹಾಕಲು ಟೈರ್ ಕಳಚಲೇಬೇಕು, ಅದು ಅಂಗಡಿಯವರ ಕೆಲಸ. ಮುಂದೆ ಯಾವಾಗ ಟೈರ್ ಬಿಚ್ಚಿಸಿದರೂ ‘ಒಳಗೆ ಸೆನ್ಸರ್ ಇದೆ’ ಎಂದು ಮೊದಲೇ ಹೇಳಿ. ಹೇಳದಿದ್ದರೆ ಟೈರಿನ ಅಂಚು ಬಿಡಿಸುವ ಯಂತ್ರ ಅದನ್ನು ಮುರಿದುಹಾಕಬಹುದು. ಅಲ್ಯೂಮಿನಿಯಂ ವಾಲ್ವ್ ಇದ್ದರೆ ಅಂದಕ್ಕೆಂದು ಹಿತ್ತಾಳೆ ಮುಚ್ಚಳ ಹಾಕಬೇಡಿ. ನೀರು, ಉಪ್ಪು ಸೇರಿ ಎರಡು ಲೋಹಗಳು ಕಚ್ಚಿಕೊಂಡರೆ ಮುಚ್ಚಳದ ಜೊತೆ ವಾಲ್ವೂ ಮುರಿದು ಬರುತ್ತದೆ. ಸಾದಾ ಪ್ಲಾಸ್ಟಿಕ್ ಮುಚ್ಚಳವೇ ಸರಿ. ಪಂಕ್ಚರ್ ತಡೆಯುವ ದ್ರವವನ್ನು ಸುರಿಸಿಕೊಂಡರೆ ಸೆನ್ಸರಿನ ಸಣ್ಣ ರಂಧ್ರ ಮುಚ್ಚಿಹೋಗಬಹುದು. ನಾನಂತೂ ಅದನ್ನು ನನ್ನ ಚಕ್ರದ ಹತ್ತಿರಕ್ಕೂ ಬಿಡುವುದಿಲ್ಲ.

ಮುಚ್ಚಳದ ಬಗೆಯನ್ನು ನೀವೇ ಹಾಕಬಹುದು. ಆದರೆ ಒಂದು ವಿಷಯ ನೆನಪಿರಲಿ: ಅದು ವಾಲ್ವ್ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ. ಅಂದರೆ ಗಾಳಿ ತಡೆಯುವ ಭಾರವೆಲ್ಲ ಸೆನ್ಸರಿನ ರಬ್ಬರ್ ವಾಷರ್ ಮೇಲೆ. ಬಿಗಿ ಮಾಡಿದ ಮೇಲೆ ಸೋಪು ನೀರು ಸವರಿ ಒಂದು ನಿಮಿಷ ಕಾಯಿರಿ. ಸಾಸಿವೆಯಷ್ಟು ಗುಳ್ಳೆ ಎದ್ದರೂ ಬಿಚ್ಚಿ ಮತ್ತೆ ಕೂರಿಸಿ.

ಸೆನ್ಸರನ್ನು ಪರದೆಗೆ ಜೋಡಿಸುವುದು ಕೈಪಿಡಿ ನೋಡಿ ಮಾಡಿದರೆ ಹತ್ತು ನಿಮಿಷದ ಕೆಲಸ.

ತಣ್ಣಗಿನ ಅಂಕಿ ಬರೆದಿಡಿ

ವಾಹನ ಕನಿಷ್ಠ ಮೂರು ಗಂಟೆ ನಿಂತಿರಬೇಕು, ಬಿಸಿಲು ಬಿದ್ದಿರಬಾರದು. ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿರುವಷ್ಟೇ ಗಾಳಿ ತುಂಬಿಸಿ. ಟೈರಿನ ಮೈಮೇಲೆ ಅಚ್ಚಾದ ಅಂಕಿ ಅದರ ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ. ನಿಂತ ವಾಹನದಲ್ಲಿ ಬ್ಯಾಟರಿ ಉಳಿಸಲು ಸೆನ್ಸರ್ ನಿದ್ದೆಗೆ ಜಾರಿರುತ್ತದೆ. ಹಾಗಾಗಿ ಪರದೆಯಲ್ಲಿ ನಿನ್ನೆ ರಾತ್ರಿಯ ಅಂಕಿಯೇ ಉಳಿದಿರಬಹುದು. ಕೆಲವು ನೂರು ಮೀಟರ್ ಓಡಿಸಿ, ಅಂಕಿ ಬದಲಾದ ಮೇಲೆ ನಾಲ್ಕೂ ಚಕ್ರದ ಒತ್ತಡ, ಬಿಸಿ ಎರಡನ್ನೂ ಬರೆದುಕೊಳ್ಳಿ. ನೀವು ಬರೆದಿಟ್ಟ ಈ ಅಂಕಿಗಳು ಇಲ್ಲದಿದ್ದರೆ ಮುಂದಿನದೆಲ್ಲ ಬರೀ ಊಹೆ.

ಎಚ್ಚರಿಕೆಯ ಮಿತಿ

ಅಮೆರಿಕದಲ್ಲಿ 2007ರ ಸೆಪ್ಟೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದ ನಿಯಮದ ಪ್ರಕಾರ ಒತ್ತಡ ಶೇ 25ರಷ್ಟು ಇಳಿದಾಗ ದೀಪ ಹತ್ತಬೇಕು. 33 ಇರಬೇಕಾದ ಟೈರ್ 25ಕ್ಕೆ ಇಳಿಯುವ ತನಕ ಸುಮ್ಮನಿರುವುದು ನನಗೆ ಒಪ್ಪಿಗೆಯಿಲ್ಲ. ಮಿತಿ ಬದಲಿಸಲು ಬರುವುದಾದರೆ ಶೇ 15ಕ್ಕೆ ಇಡಿ. ಮೇಲಿನ ಮಿತಿಯನ್ನು ತಣ್ಣಗಿನ ಒತ್ತಡಕ್ಕಿಂತ ಶೇ 25 ಹೆಚ್ಚಿಗೆ, ಬಿಸಿಯ ಮಿತಿಯನ್ನು 70 ಡಿಗ್ರಿಗೆ ಇಡಿ. ಕೂಗುತ್ತದೆ ಎಂದು ಕಿರಿಕಿರಿಯಾಗಿ ಬಿಸಿಯ ಮಿತಿಯನ್ನು ತುದಿಗೆ ಏರಿಸಿಡುವವರಿದ್ದಾರೆ. ಹಾಗೆ ಮಾಡಬೇಡಿ. ಸೆನ್ಸರ್ ಅಳೆಯುವುದು ಒಳಗಿನ ಗಾಳಿಯ ಬಿಸಿಯನ್ನು. ಟೈರಿನ ಭುಜದಲ್ಲಿ (ನೆಲ ಮುಟ್ಟುವ ಭಾಗ ಪಕ್ಕದ ಗೋಡೆಗೆ ಸೇರುವಲ್ಲಿ), ಒಳಗಿನ ಉಕ್ಕಿನ ಪಟ್ಟಿಯ ಅಂಚಿನಲ್ಲಿ ರಬ್ಬರ್ ಅದಕ್ಕಿಂತ ಹೆಚ್ಚು ಕಾದಿರುತ್ತದೆ.

ಓಡುವಾಗ ಓದುವುದು

ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ನೋಡೋಣ.

ಗಾಳಿ ಸೋರದಿದ್ದರೆ ಒತ್ತಡವೂ ಬಿಸಿಯೂ ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಕಾರಿನ ಟೈರಿನಲ್ಲಿ ಸುಮಾರು 6 ಡಿಗ್ರಿಗೆ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ಮೇಲಿನ 33, 38 ಎಲ್ಲ ಇದರಲ್ಲೇ) ಎಂಬ ಲೆಕ್ಕ ಸಾಕು. ಬೆಳಿಗ್ಗೆ 27 ಡಿಗ್ರಿಯಲ್ಲಿ 33 ಇದ್ದದ್ದು, ಒಂದು ಗಂಟೆ ಹೆದ್ದಾರಿಯಲ್ಲಿ ಓಡಿ 57 ಡಿಗ್ರಿ ಆದಾಗ 38ಕ್ಕೆ ಬಂದರೆ ಲೆಕ್ಕ ಸರಿಹೋಯಿತು: 30 ಡಿಗ್ರಿ ಏರಿಕೆ, 5 ಪಿಎಸ್‌ಐ ಏರಿಕೆ. ಟೈರ್ ಆರೋಗ್ಯವಾಗಿದೆ. ಬಾಗಿಲಿನ ಚೀಟಿಯಲ್ಲಿರುವ ಒತ್ತಡ ತಣ್ಣಗಿನ ಟೈರಿನದು, ಈ ಏರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಅದನ್ನು ನಿಗದಿ ಮಾಡಿರುತ್ತಾರೆ.

ಈಗ ಇನ್ನೊಂದನ್ನು ನೋಡಿ. ಬಿಸಿ 27ರಿಂದ 57ಕ್ಕೆ ಏರಿದೆ, ಒತ್ತಡ ಮಾತ್ರ 33ರಲ್ಲೇ ನಿಂತಿದೆ. ಪರದೆ ನೋಡಿದವರು ‘ಸರಿಯಾಗಿ 33 ಇದೆ’ ಎಂದು ನಿಶ್ಚಿಂತರಾಗುತ್ತಾರೆ. ನಿಜವಾಗಿ ಆ ಟೈರ್ ಸೋರುತ್ತಿದೆ, ಹೋದ ಗಾಳಿಯನ್ನು ಬಿಸಿ ಮರೆಮಾಚುತ್ತಿದೆ. ಯಾವ ಎಚ್ಚರಿಕೆಯೂ ಕೂಗುವುದಿಲ್ಲ. ಎರಡು ಅಂಕಿಯನ್ನೂ ಜೋಡಿಸಿ ಓದಿದವರಿಗೆ ಮಾತ್ರ ಇದು ಕಾಣುತ್ತದೆ.

ಮೂರನೆಯದು, ಜೊತೆಯ ಚಕ್ರದ ಹೋಲಿಕೆ. ಮುಂದಿನ ಚಕ್ರವನ್ನು ಹಿಂದಿನದರ ಜೊತೆ ಹೋಲಿಸಬೇಡಿ. ಎಂಜಿನ್ನಿನ ಭಾರ, ಬ್ರೇಕಿನ ಹೆಚ್ಚು ಪಾಲು ಮುಂದಿನವುಗಳ ಮೇಲಿರುವುದರಿಂದ ಅವು ಹೆಚ್ಚು ಕಾಯುವುದು ಸಹಜ. ಒಂದೇ ಆಕ್ಸಲಿನ ಎಡ, ಬಲ ಚಕ್ರಗಳನ್ನು ಹೋಲಿಸಿ. ನಾಲ್ಕೈದು ಡಿಗ್ರಿ ವ್ಯತ್ಯಾಸ ಬಿಸಿಲು ಬೀಳುವ ಬದಿಗೂ ಬರುತ್ತದೆ. ಹತ್ತು ದಾಟಿ, ಅಲ್ಲೇ ನಿಂತರೆ ಕಾರಣ ಹುಡುಕಬೇಕು. ಬಿಸಿಯಾದ ಚಕ್ರದ ತಣ್ಣಗಿನ ಒತ್ತಡ ಕಡಿಮೆ ಇತ್ತೇ? ಹಾಗಾದರೆ ತಪ್ಪು ಗಾಳಿಯದು. ಒತ್ತಡ ಸರಿ ಇದ್ದೂ ಬಿಸಿಯೇ? ಬ್ರೇಕ್ ಕಚ್ಚಿಕೊಂಡಿರಬಹುದು, ಬೇರಿಂಗ್ ಹೋಗಿರಬಹುದು. ಸಮತಟ್ಟಾದ ರಸ್ತೆಯಲ್ಲಿ ಬ್ರೇಕ್ ಹೆಚ್ಚು ಮುಟ್ಟದೆ ಕಾಲು ಗಂಟೆ ಓಡಿಸಿ ನೋಡಿ. ಬೇರೆ ಮೂರು ತಣಿದು ಅದೊಂದೇ ತಣಿಯದಿದ್ದರೆ ನೇರ ಮೆಕ್ಯಾನಿಕ್ ಹತ್ತಿರ ಹೋಗಿ. ನನ್ನ ಕಾರಿನ ಹಿಂದಿನ ಎಡ ಚಕ್ರ ಒಂದು ವಾರ ಜೊತೆಗಾರನಿಗಿಂತ 12 ಡಿಗ್ರಿ ಮುಂದಿತ್ತು. ಬಿಚ್ಚಿದಾಗ ಕಂಡದ್ದು ತುಕ್ಕು ಹಿಡಿದು ಪೂರ್ತಿ ಹಿಂದೆ ಸರಿಯದ ಹ್ಯಾಂಡ್‌ಬ್ರೇಕ್ ಕೇಬಲ್. ವಾಸನೆಯಿಲ್ಲ, ಸದ್ದಿಲ್ಲ, ಆ ಅಂಕಿ ಬಿಟ್ಟರೆ ಬೇರೆ ಸುಳಿವೇ ಇರಲಿಲ್ಲ.

ಉದ್ದನೆಯ ಇಳಿಜಾರು ಇಳಿದು ನಿಲ್ಲಿಸಿದ ಮೇಲೆ ಬಿಸಿ ಇನ್ನೂ ಏರಿದರೆ ಗಾಬರಿ ಬೇಡ. ಗಾಳಿಯ ಓಟ ನಿಂತು ಬ್ರೇಕಿನ ಕಾವು ರಿಮ್ಮಿಗೆ ಹತ್ತಿ, ಅಲ್ಲಿಂದ ಸೆನ್ಸರಿಗೆ ಬರುತ್ತದೆ.

ಕೂಗಿದಾಗ

ಬಿಸಿಯ ಎಚ್ಚರಿಕೆ ಬಂದರೆ ಜೋರಾಗಿ ಬ್ರೇಕ್ ಹಾಕಬೇಡಿ. ವೇಗ ಇಳಿಸುತ್ತಾ ಬಂದು ಸುರಕ್ಷಿತ ಜಾಗದಲ್ಲಿ, ಸಿಕ್ಕರೆ ನೆರಳಿನಲ್ಲಿ ನಿಲ್ಲಿಸಿ. ಗಾಳಿ ಬಿಡಬೇಡಿ. ನೀರು ಸುರಿಯಬೇಡಿ, ಕಾದ ಬ್ರೇಕ್ ಡಿಸ್ಕ್ ಸೊಟ್ಟಗಾದೀತು, ಬಿರುಕೂ ಬಿಟ್ಟೀತು. ಅರ್ಧ ಗಂಟೆ ಬಿಟ್ಟು ಮತ್ತೆ ಎರಡೂ ಅಂಕಿ ನೋಡಿ. ಬಿಸಿ ಇಳಿದಂತೆ ಒತ್ತಡ ಬೆಳಗಿನ ಅಂಕಿಗಿಂತ ಕೆಳಗೆ ಜಾರಿದರೆ ಸ್ಟೆಪ್ನಿ ಹಾಕಿ. ಸರಿ ಇದ್ದರೆ ಸಾಮಾನಿನ ಭಾರ, ನಿಮ್ಮ ವೇಗ ಎರಡನ್ನೂ ಕಡಿಮೆ ಮಾಡಿ ಹೊರಡಿ.

ಟೈರ್‌ಗಳನ್ನು ಹಿಂದೆಮುಂದೆ ಬದಲಿಸಿದ ದಿನ ಸೆನ್ಸರಿನ ಜಾಗವನ್ನೂ ಪರದೆಯಲ್ಲಿ ಬದಲಿಸಿ. ಇಲ್ಲದಿದ್ದರೆ ಹಿಂದಿನ ಚಕ್ರ ಕಾಯುತ್ತಿರುವಾಗ ನೀವು ಮುಂದಿನದನ್ನು ಬಿಚ್ಚಿಸುತ್ತೀರಿ. ಬದಲಿಸಿದ ಮೇಲೆ ಖಾತ್ರಿ ಮಾಡಿಕೊಳ್ಳಲು ತಣ್ಣಗಿರುವಾಗ ಒಂದು ಚಕ್ರದಿಂದ ಮೂರು ಪಿಎಸ್‌ಐ ಇಳಿಸಿ, ಸ್ವಲ್ಪ ದೂರ ಓಡಿಸಿ, ಪರದೆಯಲ್ಲಿ ಅದೇ ಚಕ್ರದ ಅಂಕಿ ಇಳಿಯಿತೇ ನೋಡಿ, ಆಮೇಲೆ ಮತ್ತೆ ತುಂಬಿಸಿ.