ಐಸಿಯು ಡಾಕ್ಟರ್ ಆಗುವುದು ಹೇಗೆ? ಫೆಲೋಶಿಪ್ ಸೇರುವ ಮೊದಲು ಒಮ್ಮೆ ಓದಿ

ಎಂಡಿ ಮುಗಿಸಿದ ಮಗಳು "ಐಸಿಯು ಫೆಲೋಶಿಪ್ ಸಿಕ್ಕಿತು" ಎಂದರೆ ಮನೆಯಲ್ಲಿ ಸಿಹಿ ಹಂಚುತ್ತಾರೆ. ಹಂಚಲಿ. ಆದರೆ ಎಂಥ ಫೆಲೋಶಿಪ್ ಅಂತ ಒಂದು ಮಾತು ಕೇಳಿಬಿಡಬೇಕು. ನಮ್ಮಲ್ಲಿ ಆಸ್ಪತ್ರೆಯೊಂದು ತಾನೇ ಕೊಡುವ ಸರ್ಟಿಫಿಕೇಟಿಗೂ ಅದೇ ಹೆಸರು, ಅಮೆರಿಕದ ಮೂರು ವರ್ಷದ ತರಬೇತಿಗೂ ಅದೇ ಹೆಸರು. ತೂಕ ಮಾತ್ರ ಬೇರೆ ಬೇರೆ.

ಮೊದಲು ಬಾಗಿಲು ಯಾವುದು ನೋಡಿಕೊಳ್ಳಿ. ಎಂಬಿಬಿಎಸ್ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂಡಿ ಮೂರು ವರ್ಷ. ಅದಾದ ಮೇಲೆ ಒಂದೇ ವಿಭಾಗದ ಸೂಪರ್ ಸ್ಪೆಷಾಲಿಟಿ ಓದು, ಅಂದರೆ ಡಿಎಂ ಅಥವಾ ಡಿಆರ್‌ಎನ್‌ಬಿ, ಇನ್ನೂ ಮೂರು ವರ್ಷ. ಹದಿನೆಂಟಕ್ಕೆ ಕಾಲೇಜು ಸೇರಿದವರಿಗೆ ಎಲ್ಲೂ ಎಡವದಿದ್ದರೂ ಮೂವತ್ತು ಬಂದೇ ಬಿಡುತ್ತದೆ. ಶ್ವಾಸಕೋಶದ ಡಿಎಂ ಬೇರೆ, ಕ್ರಿಟಿಕಲ್ ಕೇರ್, ಅಂದರೆ ಐಸಿಯು ಚಿಕಿತ್ಸೆಯ ಡಿಎಂ ಬೇರೆ. ದೆಹಲಿಯ ಏಮ್ಸ್‌ನಂಥ ಕಡೆ ಎರಡನ್ನೂ ನಿದ್ರೆಯ ಕಾಯಿಲೆಗಳ ಜೊತೆ ಸೇರಿಸಿ ಒಂದೇ ಡಿಎಂ ಮಾಡಿದ್ದಾರೆ.

ಶ್ವಾಸಕೋಶದ ಕಡೆಗೆ ಚೆಸ್ಟ್ ಮತ್ತು ಮೆಡಿಸಿನ್ ಎಂಡಿಯವರು ಬರುತ್ತಾರೆ. ಕ್ರಿಟಿಕಲ್ ಕೇರಿಗೆ ಆಪರೇಷನ್ನಿನಲ್ಲಿ ಅರಿವಳಿಕೆ ಕೊಡುವ ಅನಸ್ತೇಶಿಯಾದವರೂ ಬರುತ್ತಾರೆ. ಅವರಿಗೇನು ಕೆಲಸ ಇಲ್ಲಿ ಅಂತ ಕೇಳುವವರಿದ್ದಾರೆ. ನಿಜ ಹೇಳಬೇಕೆಂದರೆ ಈ ಮನೆ ಕಟ್ಟಿದ್ದೇ ಅವರು. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ, ಉಸಿರಾಡಲಾಗದ ಮಕ್ಕಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದರು. ಯಂತ್ರಗಳು ಸಾಲಲಿಲ್ಲ. ಬ್ಯೋರ್ನ್ ಇಬ್ಸೆನ್ ಎಂಬ ಅನಸ್ತೇಶಿಯಾ ವೈದ್ಯರು ಕುತ್ತಿಗೆಯಲ್ಲಿ ತೂತು ಮಾಡಿ, ಟ್ಯೂಬ್ ಹಾಕಿ, ಕೈಯಿಂದ ಬ್ಯಾಗ್ ಒತ್ತಿ ಉಸಿರು ಕೊಡುವ ದಾರಿ ತೋರಿಸಿದರು. ನೂರಾರು ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು ಹಗಲು ರಾತ್ರಿ ಆ ಬ್ಯಾಗ್ ಒತ್ತಿದರು. ಇವತ್ತಿನ ಐಸಿಯು ಹುಟ್ಟಿದ್ದು ಅಲ್ಲಿಂದ.

ಎರಡನೆಯದು ಪರೀಕ್ಷೆ. ದೇಶದ ಹೆಚ್ಚಿನ ಡಿಎಂ, ಡಿಆರ್‌ಎನ್‌ಬಿ ಸೀಟುಗಳಿಗೆ ನೀಟ್ ಎಸ್‌ಎಸ್ ಎಂಬ ಪ್ರವೇಶ ಪರೀಕ್ಷೆ. ನಿಮ್ಮ ಎಂಡಿ ವಿಷಯದ ಗುಂಪಿನ ಪತ್ರಿಕೆ ಬರೆಯಬೇಕು. ತಪ್ಪು ಉತ್ತರಕ್ಕೆ ಅಂಕ ಕಡಿತ ಇದೆ, ಸುಮ್ನೆ ಊಹೆ ಹೊಡೆಯುವ ಆಟ ನಡೆಯುವುದಿಲ್ಲ. ಏಮ್ಸ್, ಚಂಡೀಗಢದ ಪಿಜಿಐ, ಜಿಪ್‌ಮರ್‌ಗಳಿಗೆ ಐಎನ್‌ಐ ಎಸ್‌ಎಸ್ ಎಂಬ ಬೇರೆ ಪರೀಕ್ಷೆ, ವರ್ಷಕ್ಕೆ ಎರಡು ಸಲ.

ಸೀಟು ಸಿಗದಿದ್ದರೆ? 1993ರಲ್ಲಿ ಶುರುವಾದ ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ನಡೆಸುವ ಐಡಿಸಿಸಿಎಂ ಡಿಪ್ಲೊಮಾ ಇದೆ, ಅದರ ಮೇಲೆ ಐಎಫ್‌ಸಿಸಿಎಂ ಫೆಲೋಶಿಪ್ ಇದೆ. ನಮ್ಮ ಎಷ್ಟೋ ಐಸಿಯುಗಳನ್ನು ನಡೆಸುತ್ತಿರುವವರು ಇದನ್ನೇ ಓದಿದವರು. ಕೆಲಸ ಕಲಿಸುವುದರಲ್ಲಿ ಕೊರತೆ ಇಲ್ಲ. ಆದರೆ ಅದು ಡಿಎಂಗೆ ಸಮ ಅಲ್ಲ. ಮುಂದೆ ಮೆಡಿಕಲ್ ಕಾಲೇಜಿನಲ್ಲಿ ಈ ವಿಭಾಗದ ಮೇಷ್ಟ್ರಾಗುವ ಆಸೆ ಇದ್ದರೆ ಈ ವ್ಯತ್ಯಾಸ ಜಾಸ್ತಿ ಕಾಡುತ್ತದೆ.

ಅಮೆರಿಕಕ್ಕೆ ಹೋಗುವವರ ಲೆಕ್ಕ ಬೇರೆ. ಇಲ್ಲಿನ ಎಂಡಿ ಇದ್ದರೂ ಸಾಮಾನ್ಯವಾಗಿ ಅಲ್ಲಿ ಮತ್ತೆ ಮೂರು ವರ್ಷ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ ಮಾಡಬೇಕು. ಅದಕ್ಕೂ ಮೊದಲು ಅಲ್ಲಿನ ವೈದ್ಯ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇ. ಆಮೇಲೆ ಪಲ್ಮನರಿ (ಶ್ವಾಸಕೋಶ) ಮತ್ತು ಕ್ರಿಟಿಕಲ್ ಕೇರ್ ಸೇರಿದ ಫೆಲೋಶಿಪ್, ಮೂರು ವರ್ಷ. ಬೇಸಿಗೆಯಲ್ಲಿ ಅರ್ಜಿ, ನಂತರ ಸಂದರ್ಶನ, ಡಿಸೆಂಬರ್ ಹೊತ್ತಿಗೆ ಯಾರಿಗೆ ಯಾವ ಆಸ್ಪತ್ರೆ ಎಂದು ತಿಳಿಸುವ 'ಮ್ಯಾಚ್' ಫಲಿತಾಂಶ, ಮುಂದಿನ ಜುಲೈನಲ್ಲಿ ಕೆಲಸ ಶುರು. ತರಬೇತಿಗೆಂದು ಕೊಡುವ ಜೆ–1 ವೀಸಾದಲ್ಲಿ ಹೋದವರು ಮುಗಿಸಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು, ಇಲ್ಲವೇ ವಿನಾಯಿತಿ ಪಡೆಯಬೇಕು. ಇದನ್ನು ಮೊದಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಇನ್ನು ಆಸ್ಪತ್ರೆ ಆರಿಸುವುದು. ಕಟ್ಟಡ ನೋಡಬೇಡಿ. ಈಗ ಅಲ್ಲಿ ಓದುತ್ತಿರುವ ಎರಡನೇ ವರ್ಷದವರೊಬ್ಬರನ್ನು ಹಿಡಿದು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ, ಒಂದು ಕಾಫಿ ಕೊಡಿಸಿ. ರಾತ್ರಿ ಎರಡು ಗಂಟೆಗೆ ಟ್ಯೂಬ್ ಹಾಕಲು ಆಗದಿದ್ದರೆ ಯಾರು ಬರುತ್ತಾರೆ, ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿ. "ಫೋನ್‌ನಲ್ಲಿ ಹೇಳ್ತಾರೆ" ಎಂಬ ಉತ್ತರ ಬಂದರೆ ಯೋಚಿಸಿ. ಶ್ವಾಸನಾಳದ ಒಳಗೆ ನೋಡುವ ಬ್ರಾಂಕೋಸ್ಕೋಪ್ ನಿಮ್ಮ ಕೈಗೆ ಕೊಡುತ್ತಾರಾ, ಇಲ್ಲ ಮೂರು ವರ್ಷ ಪರದೆ ನೋಡಿಸುತ್ತಾರಾ? ಬಾಂಡ್ ಎಷ್ಟು, ಸ್ಟೈಪೆಂಡ್ ತಿಂಗಳು ತಿಂಗಳು ಬರುತ್ತದಾ? ನಾಚಿಕೆ ಬೇಡ, ಎಲ್ಲ ಕೇಳಿ.

ಸೇರಿದ ಮೇಲೆ ಮೊದಲ ತಿಂಗಳು ವೆಂಟಿಲೇಟರಿಗೆ ಮೀಸಲಿಡಿ. ಹೊಸಬರು ಎಡವುವ ಒಂದು ಜಾಗ ಹೇಳುತ್ತೇನೆ. ನ್ಯುಮೋನಿಯಾದಿಂದ ಎರಡೂ ಶ್ವಾಸಕೋಶ ಕೆಟ್ಟು ಎಆರ್‌ಡಿಎಸ್ ಆದ ಹೆಂಗಸು, ಎತ್ತರ 160 ಸೆಂ.ಮೀ., ತೂಕ 80 ಕೆಜಿ. ಒಂದೊಂದು ಉಸಿರಿಗೆ ಕೆಜಿಗೆ 6 ಮಿಲಿ ಗಾಳಿ ಕೊಡಿ ಎಂದು ಪುಸ್ತಕದಲ್ಲಿದೆ. ಎಂಬತ್ತನ್ನು ಆರರಿಂದ ಗುಣಿಸಿ 480 ಅಂತ ಹಾಕಿದರೆ ತಪ್ಪು. ದೇಹ ದಪ್ಪಗಾದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ಅಲ್ವಾ? ಅದರ ಗಾತ್ರ ಎತ್ತರಕ್ಕೆ ತಕ್ಕಂತೆ. ಎತ್ತರದಿಂದ ಲೆಕ್ಕ ಹಾಕಿದರೆ ಈ ಹೆಂಗಸಿನ ತೂಕ ಸುಮಾರು 52 ಕೆಜಿ, ಹಾಗಾಗಿ ಕೊಡಬೇಕಾದ್ದು 315 ಮಿಲಿ ಆಸುಪಾಸು. ಜಾಸ್ತಿ ಗಾಳಿ ತುಂಬಿದರೆ ಉಳಿದಿರುವ ಒಳ್ಳೆಯ ಭಾಗವೂ ಹಿಗ್ಗಿ ಹಾಳಾಗುತ್ತದೆ. 2000ದಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕೆಜಿಗೆ 12 ಮಿಲಿ ಪಡೆದವರಲ್ಲಿ ಶೇ 39.8 ಮಂದಿ ಸತ್ತರು, 6 ಮಿಲಿ ಪಡೆದವರಲ್ಲಿ ಶೇ 31. ಹೊಸ ಔಷಧಿ ಏನೂ ಇರಲಿಲ್ಲ, ಗಾಳಿ ಕಡಿಮೆ ಮಾಡಿದರು ಅಷ್ಟೇ. ಆದ್ದರಿಂದ ಜೇಬಿನಲ್ಲಿ ಅಳತೆ ಟೇಪು ಇಟ್ಟುಕೊಳ್ಳಿ. ಮಲಗಿದ ರೋಗಿಯ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ.

ಟ್ಯೂಬು, ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನು, ಎದೆಯ ಅಲ್ಟ್ರಾಸೌಂಡ್ ಇವೆಲ್ಲ ಮಾಡುತ್ತಾ ಮಾಡುತ್ತಾ ಕೈಗೆ ಬರುತ್ತವೆ. ಮಾಡಿದ್ದನ್ನೆಲ್ಲ ಲಾಗ್‌ಬುಕ್ಕಿನಲ್ಲಿ ಅವತ್ತೇ ಬರೆದಿಡಿ. ವರ್ಷದ ಕೊನೆಗೆ ನೆನಪು ಮಾಡಿಕೊಂಡು ಬರೆದದ್ದು ಪರೀಕ್ಷಕರಿಗೆ ಗೊತ್ತಾಗಿಬಿಡುತ್ತದೆ.

ತಡವಾಗಿ ಬರುವುದು ಮನೆಯವರ ಜೊತೆ ಮಾತಾಡುವ ವಿದ್ಯೆ. "ಅಪ್ಪ ಉಳೀತಾರಾ ಡಾಕ್ಟ್ರೇ?" ಎಂದು ಮಗ ಕೇಳುತ್ತಾನೆ. ಅವನ ಹಿಂದೆ ಊರಿಂದ ಬಂದ ಎಂಟು ಜನ ನಿಂತಿರುತ್ತಾರೆ. ದಿನದ ಬಿಲ್ಲು ಅವನ ಕೈಯಲ್ಲೇ ಇರುತ್ತದೆ. ಇದಕ್ಕೆ ಲಾಗ್‌ಬುಕ್ಕಿನಲ್ಲಿ ಜಾಗ ಇರುವುದು ಅಪರೂಪ. ನಿಮ್ಮ ಕನ್ಸಲ್ಟೆಂಟ್ ಮಾತಾಡಲು ಹೋಗುವಾಗ ನೀವೂ ಜೊತೆಗೆ ಹೋಗಿ. ಫೋನ್ ಸೈಲೆಂಟ್ ಮಾಡಿ, ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳಿ.