ರಕ್ತದ ವರದಿಯಿಂದ ದೇಹದ ವಯಸ್ಸು: ಲೆಕ್ಕ ತಪ್ಪುವುದು ಎಲ್ಲಿ?

ನಮ್ಮ ವಾಕಿಂಗ್ ಗುಂಪಿನ ವಾಟ್ಸ್‌ಆ್ಯಪ್‌ಗೆ ಆಗಾಗ ಒಂದು ಸ್ಕ್ರೀನ್‌ಶಾಟ್ ಬರುತ್ತದೆ: 'ನನ್ನ ದೇಹಕ್ಕಿನ್ನೂ 44!' ಲ್ಯಾಬ್ ವರದಿ ತರಿಸಿ ನೋಡಿದರೆ, ಹೆಚ್ಚಿನ ಸಲ ಆನ್‌ಲೈನ್ ಕ್ಯಾಲ್ಕುಲೇಟರಿಗೆ ಅಂಕಿ ತುಂಬಿದ್ದೇ ತಪ್ಪಾಗಿರುತ್ತದೆ.

ಇವರೆಲ್ಲ ಬಳಸುವುದು ಫೀನೋಏಜ್ ಸೂತ್ರ. ಮಾರ್ಗನ್ ಲೆವಿನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ್ದು. ನಿಮ್ಮ ಅಂಕಿಗಳಿಗೆ ಸಾವಿನ ಅಪಾಯ ಎಷ್ಟು, ಅಷ್ಟು ಅಪಾಯ ಸಾಮಾನ್ಯವಾಗಿ ಯಾವ ವಯಸ್ಸಿನವರಿಗೆ ಇರುತ್ತದೆ ಎಂಬುದೇ ಇದರ ಲೆಕ್ಕ. ಆಧಾರ ಅಮೆರಿಕದವರ ಆರೋಗ್ಯ ಸಮೀಕ್ಷೆ, ಅದು ನೆನಪಿರಲಿ.

ಹಂತ 1: ಪರೀಕ್ಷೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಿ. ಸಿಬಿಸಿ (ರಕ್ತಕಣಗಳ ಎಣಿಕೆ), ಗ್ಲೂಕೋಸ್, ಕ್ರಿಯಾಟಿನಿನ್, ಆಲ್ಬುಮಿನ್, ಆಲ್ಕಲೈನ್ ಫಾಸ್ಫಟೇಸ್, ಸಿಆರ್‌ಪಿ (ದೇಹದಲ್ಲಿನ ಉರಿಯೂತ ತೋರಿಸುವ ಪರೀಕ್ಷೆ). ಇಷ್ಟೇ ಸಾಕು. 'ಆ್ಯಂಟಿ-ಏಜಿಂಗ್ ಪ್ಯಾಕೇಜ್' ಎಂದು ಕೌಂಟರಿನಲ್ಲಿ ಏನಾದರೂ ಹಿಡಿಸಲು ಬಂದರೆ ಬೇಡ ಅನ್ನಿ. ತೂಕದ ಯಂತ್ರ ತೋರಿಸುವ 'ಮೆಟಬಾಲಿಕ್ ಏಜ್' ಬೇರೆಯೇ ಲೆಕ್ಕ, ಅದಕ್ಕೆ ರಕ್ತದ ಗೊಡವೆಯೇ ಇಲ್ಲ.

ಸಿಆರ್‌ಪಿಯಲ್ಲಿ ಹೈ ಸೆನ್ಸಿಟಿವಿಟಿ ಬಗೆಯನ್ನೇ ಕೇಳಿ. ಸಾಮಾನ್ಯ ಪರೀಕ್ಷೆಯಲ್ಲಿ ಎಷ್ಟೋ ಸಲ '5ಕ್ಕಿಂತ ಕಡಿಮೆ' ಎಂದಷ್ಟೇ ಬರುತ್ತದೆ, ಅದನ್ನು ಸೂತ್ರಕ್ಕೆ ಹಾಕುವುದು ಹೇಗೆ? ಜ್ವರ, ನೆಗಡಿ, ಹಲ್ಲುನೋವು ಇದ್ದರೆ ಎರಡು ವಾರ ಬಿಟ್ಟು ಹೋಗಿ.

ಹಂತ 2: ಅಳತೆ ಬದಲಿಸುವುದು. ಎಡವುವುದು ಇಲ್ಲೇ. ಮೂಲ ಸೂತ್ರದ ಅಳತೆಯೇ ಬೇರೆ, ನಮ್ಮ ಲ್ಯಾಬ್‌ಗಳದ್ದೇ ಬೇರೆ. ಆಲ್ಬುಮಿನ್ 4.4 ಇದ್ದರೆ ಹತ್ತರಿಂದ ಗುಣಿಸಿ 44 ಮಾಡಿ. ಹಾಗೇ ಬಿಟ್ಟರೆ ಸುಮಾರು 14-15 ವರ್ಷ ಸುಮ್ನೆ ಏರುತ್ತದೆ. ಕ್ರಿಯಾಟಿನಿನ್ 0.9 ಇದ್ದರೆ 88.4ರಿಂದ ಗುಣಿಸಿ. ಮರೆತರೆ ಎಂಟು ವರ್ಷ ಚಿಕ್ಕವರಾಗುತ್ತೀರಿ, ಅದಕ್ಕೇ ಈ ತಪ್ಪನ್ನು ಯಾರೂ ಹುಡುಕಲು ಹೋಗುವುದಿಲ್ಲ! ಗ್ಲೂಕೋಸನ್ನು 18ರಿಂದ ಭಾಗಿಸಿ. ಬಿಳಿ ರಕ್ತಕಣ 7,200 ಇದ್ದರೆ 7.2 ಎಂದು ಬರೆಯಿರಿ. ಸಿಆರ್‌ಪಿ ಲೀಟರಿಗೆ ಮಿಲಿಗ್ರಾಂನಲ್ಲಿದ್ದರೆ ಹತ್ತರಿಂದ ಭಾಗಿಸಿ, ಆಮೇಲೆ ನ್ಯಾಚುರಲ್ ಲಾಗ್ (ಸೈಂಟಿಫಿಕ್ ಕ್ಯಾಲ್ಕುಲೇಟರಿನ ln ಬಟನ್) ತೆಗೆಯಿರಿ. ಆನ್‌ಲೈನ್ ಕ್ಯಾಲ್ಕುಲೇಟರ್‌ಗಳಲ್ಲಿ ಕೆಲವು ಇದನ್ನೆಲ್ಲ ತಾವೇ ಮಾಡುತ್ತವೆ, ಕೆಲವು ಮಾಡುವುದಿಲ್ಲ. ಪ್ರತಿ ಖಾನೆಯ ಪಕ್ಕ ಬರೆದಿರುವ ಅಳತೆ ಓದಿ. ಅಳತೆ ಬರೆಯದ ಕ್ಯಾಲ್ಕುಲೇಟರನ್ನು ಮುಟ್ಟಲೇಬೇಡಿ.

ಸಿಬಿಸಿಯಲ್ಲಿ ಆರ್‌ಡಿಡಬ್ಲ್ಯೂ (ಕೆಂಪು ರಕ್ತಕಣಗಳ ಗಾತ್ರ ಎಷ್ಟು ಏರುಪೇರಾಗಿದೆ ಎಂಬ ಅಂಕಿ) ಎರಡು ಸಾಲಿನಲ್ಲಿ ಇರಬಹುದು: ಸಿವಿ 13, ಎಸ್‌ಡಿ 42, ಹೀಗೆ. ಬೇಕಿರುವುದು ಶೇಕಡಾ ಚಿಹ್ನೆ ಇರುವ ಸಿವಿ. ಈ ಒಂದು ಅಂಕಿ ಒಂದೇ ಒಂದು ಪಾಯಿಂಟ್ ಏರಿದರೆ ಮೂರೂವರೆ ವರ್ಷ ಜಾಸ್ತಿ. 42 ಹಾಕಿದರಂತೂ ಲೆಕ್ಕವೇ ಕುಸಿದು ಬೀಳುತ್ತದೆ. ಲಿಂಫೋಸೈಟ್ (ಬಿಳಿ ರಕ್ತಕಣದ ಒಂದು ಬಗೆ) ಕೂಡ ಶೇಕಡಾವಾರಿನದೇ ಬೇಕು.

ಹಂತ 3: ಸಿಬಿಸಿಯಲ್ಲೇ ಇರುವ ಎಂಸಿವಿ (ಕೆಂಪು ರಕ್ತಕಣದ ಸರಾಸರಿ ಗಾತ್ರ), ಆಲ್ಕಲೈನ್ ಫಾಸ್ಫಟೇಸ್ ಇದ್ದ ಹಾಗೇ ತುಂಬಿ, ನಿಜವಾದ ವಯಸ್ಸು ಸೇರಿಸಿ, ಬಟನ್ ಒತ್ತಿ.

ಹಂತ 4: ಓದುವುದು. ಎರಡು ಮೂರು ವರ್ಷ ಆಚೀಚೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಬೇರೆ ದಿನ ರಕ್ತ ಕೊಟ್ಟಿದ್ದರೂ ಅಷ್ಟು ಬದಲಾಗಬಹುದು. ಹೆಂಗಸರಲ್ಲಿ ವಯಸ್ಸು ತೀರಾ ಜಾಸ್ತಿ ಬಂದರೆ ನಾನು ಮೊದಲು ನೋಡುವುದು ಹಿಮೋಗ್ಲೋಬಿನ್. ಕಬ್ಬಿಣದ ಕೊರತೆ ಇದ್ದರೆ ಆರ್‌ಡಿಡಬ್ಲ್ಯೂ ಏರುತ್ತದೆ, ಸೂತ್ರ ಅದನ್ನೇ ಮುಪ್ಪು ಅಂದುಕೊಳ್ಳುತ್ತದೆ. ಡಾಕ್ಟರನ್ನು ಕೇಳಿ ಫೆರಿಟಿನ್ (ದೇಹದಲ್ಲಿ ಕಬ್ಬಿಣದ ದಾಸ್ತಾನು ತೋರಿಸುವ ಪರೀಕ್ಷೆ) ಮಾಡಿಸಿ. ಕಬ್ಬಿಣದ ಮಾತ್ರೆ ಶುರು ಮಾಡಿದ ಹೊಸತರಲ್ಲಿ ಆರ್‌ಡಿಡಬ್ಲ್ಯೂ ಇನ್ನಷ್ಟು ಏರುವುದುಂಟು. ಹಾಗಾಗಿ ಕೊರತೆ ನೀಗಿ ಮೂರ್ನಾಲ್ಕು ತಿಂಗಳು ಕಳೆಯುವವರೆಗೆ ಮತ್ತೆ ಲೆಕ್ಕ ಹಾಕಲು ಹೋಗಬೇಡಿ.