ಲಿನಕ್ಸ್ ಹಾಕಲು 20 ನಿಮಿಷ, ಡಿಸ್ಕ್ ಹುಡುಕಲು ಅರ್ಧ ದಿನ

ತಮ್ಮನ ಲ್ಯಾಪ್‌ಟಾಪಿಗೆ ವಿಂಡೋಸ್ ಜೊತೆಗೇ ಫೆಡೋರಾ ಅನ್ನುವ ಲಿನಕ್ಸ್ ಹಾಕಿಕೊಡೋಣ ಅಂತ ಒಂದು ಭಾನುವಾರ ಬೆಳಿಗ್ಗೆ ಕೂತೆ. ಊಟದ ಹೊತ್ತಿಗೆ ಮುಗಿಸುವ ಲೆಕ್ಕ. ಪೆನ್‌ಡ್ರೈವ್‌ನಿಂದ ಬೂಟ್ ಆಯಿತು, ವೈಫೈ ಸಿಕ್ಕಿತು, ಸೌಂಡ್ ಕೂಡ ಬಂತು. ಆದರೆ ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಆರಿಸುವ ಜಾಗ ಖಾಲಿ! 512 ಜಿಬಿ ಎಸ್‌ಎಸ್‌ಡಿಯ ಸುಳಿವೇ ಇಲ್ಲ. ವಿಂಡೋಸ್‌ಗೆ ವಾಪಸ್ ಹೋದರೆ ಎಲ್ಲ ಸರಿಯಾಗಿದೆ.

ಪೆನ್‌ಡ್ರೈವ್ ಮೇಲೆ ಅನುಮಾನಪಟ್ಟು ಎರಡು ಸಲ ಮತ್ತೆ ಬರೆದೆ. ಕೊನೆಗೆ ಟರ್ಮಿನಲ್ ತೆಗೆದು ಕರ್ನಲ್ ಲಾಗ್ (ಲಿನಕ್ಸ್ ತನ್ನ ಕೆಲಸದ ಬಗ್ಗೆ ಬರೆದಿಡುವ ದಾಖಲೆ) ನೋಡಿದರೆ ಅಲ್ಲೇ ಇತ್ತು: ರೀಮ್ಯಾಪ್ ಆದ, ಅಂದರೆ ಮರೆಯಲ್ಲಿಟ್ಟ, ಎನ್‌ವಿಎಂಇ ಡಿಸ್ಕ್ (ಅದೇ ನಮ್ಮ ಎಸ್‌ಎಸ್‌ಡಿ) ಒಂದು ಸಿಕ್ಕಿದೆ, ಅದು ಬೇಕಾದರೆ ಬಯೋಸ್‌ನಲ್ಲಿ ರೇಡ್ ಬಿಟ್ಟು ಎಎಚ್‌ಸಿಐಗೆ ಬದಲಿಸಿ. ಕಾಯಿಲೆ, ಔಷಧ ಎರಡೂ ಒಂದೇ ಸಾಲಲ್ಲಿ. ಇನ್‌ಸ್ಟಾಲರ್ ಮಾತ್ರ ಅದನ್ನು ತೋರಿಸಿರಲಿಲ್ಲ. ರೇಡ್, ಎಎಚ್‌ಸಿಐ ಅಂದರೆ ಲ್ಯಾಪ್‌ಟಾಪ್ ತನ್ನ ಡಿಸ್ಕ್ ಜೊತೆ ವ್ಯವಹರಿಸುವ ಎರಡು ವಿಧಾನ.

ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ಗೆ, ಹೋದೆ. ಈ ವಿಧಾನ ಬದಲಿಸುವ ಸಾಟಾ ಮೋಡ್ ಅನ್ನುವ ಆಯ್ಕೆಯೇ ಇಲ್ಲ. ಎಲ್ಲ ಟ್ಯಾಬ್ ಜಾಲಾಡಿದೆ, ಊಹೂಂ. ಆಮೇಲೆ ಗೊತ್ತಾಯಿತು, ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇದನ್ನು ಬಚ್ಚಿಟ್ಟಿರುತ್ತಾರೆ, ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್-ಎಸ್ ಒತ್ತಿದರೆ ಮಾತ್ರ ಕಾಣುತ್ತದೆ. ಒತ್ತಿದೆ, ಬಂತು. ಇದು ಯಾರಿಗೆ ತಾನೇ ಹೊಳೆಯಬೇಕು ಹೇಳಿ!

ಆದರೆ ಕಂಡ ತಕ್ಷಣ ಬದಲಿಸಬೇಡಿ. ಸುಮ್ನೆ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತುಬಿಡಬಹುದು, ಯಾಕಂದರೆ ಬೂಟ್ ಆಗುವಾಗ ಎಎಚ್‌ಸಿಐ ಡ್ರೈವರ್ ತಯಾರಾಗಿರುವುದಿಲ್ಲ. ಮೊದಲು ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ಅನ್ನುವ ಸೆಟ್ಟಿಂಗ್ಸ್ ಕಿಟಕಿ ತೆರೆದು ಸೇಫ್ ಬೂಟ್‌ಗೆ ಟಿಕ್ ಹಾಕಿ, ಆಮೇಲೆ ಬಯೋಸ್‌ನಲ್ಲಿ ಬದಲಿಸಿ, ಒಂದು ಸಲ ಸೇಫ್ ಮೋಡ್‌ಗೆ ಹೋಗಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡೇ ಶುರು ಮಾಡಿ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ (ಪೂರ್ತಿ ಆಫ್ ಆಗದೆ ಬೇಗ ಶುರುವಾಗುವ ಸೌಲಭ್ಯ) ಕೂಡ ಆಫ್ ಮಾಡಿ, ಇಲ್ಲದಿದ್ದರೆ ಲಿನಕ್ಸ್‌ನಿಂದ ಸಿ ಡ್ರೈವ್‌ಗೆ ಏನೂ ಬರೆಯಲು ಆಗುವುದಿಲ್ಲ.

ಇಷ್ಟಾದ ಮೇಲೆ ಇನ್‌ಸ್ಟಾಲ್ ಆಗಿದ್ದು 20 ನಿಮಿಷದಲ್ಲಿ.

ಮಾರನೆಯ ದಿನ ತಮ್ಮನ ಫೋನ್. "ಅಣ್ಣಾ, ವಿಂಡೋಸ್‌ನಲ್ಲಿ ಟೈಮ್ ತಪ್ಪಾಗಿದೆ, ಹತ್ತು ಗಂಟೆಗೆ ನಾಲ್ಕೂವರೆ ತೋರಿಸ್ತಿದೆ." ಸರಿಯಾಗಿ ಐದೂವರೆ ಗಂಟೆ ಹಿಂದೆ, ಅಂದರೆ ನಮ್ಮ ಟೈಮ್‌ಗೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಮೂಲ ಟೈಮ್) ಇರುವ ಅಂತರ. ಮದರ್‌ಬೋರ್ಡಿನ ಗಡಿಯಾರದಲ್ಲಿ ಲಿನಕ್ಸ್ ಯುಟಿಸಿ ಬರೆದಿಡುತ್ತದೆ, ವಿಂಡೋಸ್ ಅದನ್ನೇ ಊರಿನ ಟೈಮ್ ಅಂದುಕೊಳ್ಳುತ್ತದೆ. ಲಿನಕ್ಸ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಅನ್ನುವ ಕಮ್ಯಾಂಡ್ ಕೊಡಿಸಿದೆ, ಸರಿಹೋಯಿತು. ಹೀಗೆ ಮಾಡಬೇಡಿ ಅಂತ ಅದು ಎಚ್ಚರಿಸುತ್ತದೆ ನಿಜ. ಬೇಸಿಗೆ-ಚಳಿಗಾಲಕ್ಕೆ ಗಡಿಯಾರ ತಿರುಗಿಸುವ ದೇಶಗಳಲ್ಲಿ ಅದು ತಲೆನೋವೇ, ಆದರೆ ನಮ್ಮಲ್ಲಿ ಆ ಪದ್ಧತಿ ಇಲ್ಲವಲ್ಲ.

ಇನ್ನೊಂದು, ಕನ್ನಡ ಕೀಬೋರ್ಡ್. ಇನ್‌ಸ್ಟಾಲ್ ಮಾಡುವಾಗಲೇ ಅದನ್ನು ಸೇರಿಸುವ ಆಸೆಯಾಗುತ್ತದೆ, ಅಲ್ವಾ? ನಾನು ಸೇರಿಸುವುದಿಲ್ಲ. ಪಾಸ್‌ವರ್ಡ್ ಹೊಡೆಯುವಾಗ ಕಾಣುವುದು ಬರೀ ಚುಕ್ಕೆ, ಅಕ್ಷರ ಯಾವ ಲಿಪಿಯಲ್ಲಿ ಬಿತ್ತೋ ದೇವರೇ ಬಲ್ಲ. ಇಂಗ್ಲಿಷ್‌ನಲ್ಲೇ ಮುಗಿಸಿ, ಲಾಗಿನ್ ಆದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಕಗಪ ಅನ್ನುವ ಕೀಲಿ ವಿನ್ಯಾಸ ಸೇರಿಸಿಕೊಳ್ಳಿ. ನುಡಿ ತಂತ್ರಾಂಶದಲ್ಲಿ ಹೊಡೆದು ಅಭ್ಯಾಸ ಇದ್ದವರಿಗೆ ಕೈ ತಾನಾಗೇ ಓಡುತ್ತದೆ. ಸೂಪರ್ ಕೀ (ವಿಂಡೋಸ್ ಚಿಹ್ನೆ ಇರುವ ಕೀ) ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.